ಹಗ್ಗ ಹಿಡಿದವರ ಹೆಸರು

ನಾನು ವೃಕ್ಷತಜ್ಞನಾದದ್ದು ಒಂದು ಮಂಗಳವಾರ ಮಧ್ಯಾಹ್ನ, ಕೋಲಾರದ ಗಡಿಯಾರ ಗೋಪುರದ ಬಳಿಯ ರಬ್ಬರ್ ಸ್ಟಾಂಪಿನ ಅಂಗಡಿಯಲ್ಲಿ. ಅದಕ್ಕೆ ಹಿಡಿದದ್ದು ಅರ್ಧ ಗಂಟೆ. ಕಚೇರಿಯ ನಮೂನೆಯೊಂದರಲ್ಲಿ ‘ವೃಕ್ಷತಜ್ಞರ ಅಭಿಪ್ರಾಯ’ ಎಂಬ ಚೌಕ ಬಹುಕಾಲದಿಂದ ಖಾಲಿ ಬಿದ್ದಿತ್ತು. ಕೃಷಿ ಪದವಿ ಪಡೆದು ಆಗಷ್ಟೇ ಸೇರಿದ್ದ ನನ್ನನ್ನು ಮೇಲಧಿಕಾರಿಗಳು ಒಮ್ಮೆ ನೋಡಿದರು, ಚೌಕವನ್ನೊಮ್ಮೆ ನೋಡಿದರು, ಅಳತೆ ಸರಿಹೋಯಿತು. ‘ವೃಕ್ಷತಜ್ಞ’ ಎಂದು ನನ್ನ ಸೀಲು ಕೆತ್ತುತ್ತಿದ್ದ ಸ್ಟಾಂಪಿನವನು ಮಾತ್ರ ಕನ್ನಡಕದ ಮೇಲಿಂದ ಇಣುಕಿ, “ಯಾವ್ ಮರ ಸಾರ್?” ಎಂದು ಕೇಳಿದ. ನನ್ನ ಅರ್ಹತೆಯ ಬಗ್ಗೆ ಇಡೀ ಜಿಲ್ಲೆ ಕೇಳಿದ ಏಕೈಕ ಪ್ರಶ್ನೆ ಅದು. “ಎಲ್ಲಾ ಮರ” ಎಂದೆ.

ಇದು ತಪ್ಪೊಪ್ಪಿಗೆ ಹೌದು. ಆದರೆ ತಪ್ಪು ನನ್ನೊಬ್ಬನದೇ ಎಂದು ಒಪ್ಪಲು ನಾನು ಸಿದ್ಧನಿಲ್ಲ. ಯಾವ ಕಸುಬಿನಲ್ಲಿ ಇಷ್ಟು ಸುಲಭವಾಗಿ ಹೆಸರು ಸಿಗುತ್ತದೆ, ನೀವೇ ಹೇಳಿ. ಕ್ಷೌರಿಕ ಕಿವಿ ಕೊಯ್ದರೆ ಕಿವಿಯ ಒಡೆಯ ಅಲ್ಲೇ ಕೂಗುತ್ತಾನೆ. ಕುಂಬಾರನ ಮಡಕೆ ಸೋರಿದರೆ ಸಂಜೆಯೊಳಗೆ ಅವನ ಬಾಗಿಲಿಗೆ ವಾಪಸು ಬರುತ್ತದೆ. ಮರ ಹಾಗಲ್ಲ. ಮರ ನಿಧಾನವಾಗಿ ಸಾಯುತ್ತದೆ, ತಜ್ಞನಿಗೆ ವರ್ಗ ಬೇಗ ಆಗುತ್ತದೆ. ಇಂದು ತಪ್ಪಾಗಿ ಕೊಯ್ದ ಗಾಯದಲ್ಲಿ ನೀರಿಳಿದು, ಕೊಳೆತು, ಏಳೆಂಟು ಮಳೆಗಾಲ ಕಳೆದು ಕೊಂಬೆ ಮುರಿದಾಗ, ಕೊಯ್ಯಲು ಹೇಳಿದವನು ಇನ್ನೊಂದು ತಾಲ್ಲೂಕಿನಲ್ಲಿ ಇನ್ನೊಂದು ಮರಕ್ಕೆ ಹೇಳುತ್ತಿರುತ್ತಾನೆ. ನಮ್ಮ ಪೂರ್ವಿಕರು ಮರಗಳಿಗೂ ವೈದ್ಯ ಮಾಡುತ್ತಿದ್ದರಂತೆ. ಬೇರಿಗೆ ಹಾಲು, ಗಾಯಕ್ಕೆ ಜೇನು, ತುಪ್ಪ. ಮದ್ದಿನ ಪಟ್ಟಿಗಳು ಉಳಿದು ಬಂದಿವೆ. ರೋಗಿ ಸತ್ತರೆ ಯಾರನ್ನು ಕೇಳಬೇಕೆಂಬ ಪಟ್ಟಿಯನ್ನು ಮಾತ್ರ ನಾನೆಲ್ಲೂ ಕಂಡಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಮಾಲೂರು, ಮುಳಬಾಗಿಲಿನ ರಾಗಿಹೊಲಗಳಲ್ಲಿ ನೀಲಗಿರಿ ಸಾಲುಗಟ್ಟಿ ಏಳುತ್ತಿತ್ತು. ಕಚೇರಿಯ ಪಾಲಿಗೆ ಮರವೆಂದರೆ ನೆಟ್ಟ ಸಂಖ್ಯೆ ಮತ್ತು ಕಡಿಯುವ ಅನುಮತಿ. ಅನುಮತಿಯ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದವು. ನಾನು ಸೀಲು ಒತ್ತುತ್ತಿದ್ದೆ. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರ ಹಳೆಯ ನಾಟಿ ಮಾವಿನ ಕಾಗದಕ್ಕೂ ಹಾಗೆಯೇ ಒತ್ತಿದೆ. ಅಲ್ಲಿಗೆ ಹೋಗಿರಲಿಲ್ಲವೆಂದಲ್ಲ. ಜೀಪಿನಿಂದ ಇಳಿಯದೆಯೇ ನೋಡಿದ್ದೆ. ಬುಡದಲ್ಲಿ ತಟ್ಟೆಯಗಲದ ಅಣಬೆಯಿತ್ತು. ಪುಸ್ತಕದ ಪ್ರಕಾರ ಅದು ಒಳಗೊಳೆತದ ಲಕ್ಷಣ. ‘ಮರ ಟೊಳ್ಳು. ಪೂರ್ತಿ ಉರುಳಿಸತಕ್ಕದ್ದು’ ಎಂದು ಬರೆದೆ.

ಆ ಮರದ ಒಡತಿ ಚಿನ್ನಮ್ಮ ಒಂದು ಶನಿವಾರ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಚೇರಿಗೇ ಬಂದರು. ಅರವತ್ತು ದಾಟಿದ ಹೆಂಗಸು. ಮನೆಯ ಹೆಂಚಿನ ಮೇಲೆ ಒಂದು ಕೊಂಬೆ ಬಾಗಿದೆ, ಗಾಳಿಗೆ ನರಳುತ್ತದೆ, ಅದನ್ನು ತೆಗೆಸಿಕೊಡಿ ಎಂದಷ್ಟೇ ಅರ್ಜಿ ಕೊಟ್ಟವರು. ಸೋಮವಾರ ಗರಗಸದವರು ಬರುತ್ತಾರೆಂದು ಅವರಿಗೆ ತಿಳಿದುಬಂದಿತ್ತು.

“ಇದ್ರಲ್ಲಿ ಬರ್ದೋರು ನೀವೇನಾ?” ಎಂದು ಕೇಳಿದರು.

“ಹೌದಮ್ಮ.”

“ನಾನು ಕೊಂಬೆ ಅಂದ್ರೆ ನೀವು ಮರಾನೇ ಬರ್ದುಬಿಟ್ರಲ್ಲಪ್ಪಾ. ನಿಮ್ಗೆ ಹಲ್ಲು ನೋವು ಬಂದ್ರೆ ತಲೆ ತೆಗಿಸ್ತೀರಾ?”

ಕಚೇರಿಯಲ್ಲಿ ಯಾರೋ ನಕ್ಕರು. ನಾಳೆಯೇ ಬಂದು ನೋಡುತ್ತೇನೆ ಎಂದೆ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಮರದ ಕೆಳಗೆ ಒಬ್ಬಾತ ಆಗಲೇ ನಿಂತಿದ್ದ. ಹೋಳೂರಿನ ಮುನಿವೆಂಕಟಪ್ಪ, ಟೇಕಲ್ಲಿನಿಂದ ಮುಳಬಾಗಿಲಿನವರೆಗೆ ಯಾರ ಮನೆಯ ಮೇಲೆ ಕೊಂಬೆ ಬಾಗಿದರೂ ಹೇಳಿಕಳಿಸುವುದು ಈತನಿಗೇ. ಚಿನ್ನಮ್ಮನೇ ಕರೆಸಿದ್ದರು. ಕುಡುಗೋಲಿನ ಹಿಡಿಯಿಂದ ಕಾಂಡವನ್ನು ಕುಟ್ಟುತ್ತ, ಕಿವಿಯಿಟ್ಟು, ಒಂದು ಸುತ್ತು ಬಂದ. ಸೊಂಟದೆತ್ತರದವರೆಗೆ ಸದ್ದು ಬುರುಡೆಯಂತಿತ್ತು. ಅಲ್ಲಿಂದ ಮೇಲಕ್ಕೆ ಒನಕೆಯಂತೆ ಗಟ್ಟಿ. ಅದನ್ನು ನನ್ನ ಕಿವಿಯೂ ಕೇಳಿತು. ಮೇಲೆ ಹತ್ತಿ ಕವಲುಗಳನ್ನೂ ಕುಟ್ಟಿ, ಕೊಂಬೆಗೆ ಹಗ್ಗ ಬಿಗಿದು ಇಳಿದ.

“ನಂಗೇನೋ ಮರ ನಿಲ್ತದೆ ಅನ್ನಿಸ್ತದೆ ಸಾರ್. ಆದ್ರೆ ಬರ್ದಿರೋರು ನೀವು. ನೀವೇ ಹೇಳಿ.”

ಚಿನ್ನಮ್ಮನೂ ನನ್ನನ್ನೇ ನೋಡುತ್ತಿದ್ದರು. “ಮರ ಇರಲಿ. ಕೊಂಬೆ ಮಾತ್ರ ಸಾಕು” ಎಂದೆ.

“ಹಂಗಾದ್ರೆ ಹಿಡ್ಕೊಳ್ಳಿ.” ಹಗ್ಗದ ತುದಿಯನ್ನು ನನ್ನ ಕೈಗಿತ್ತ. “ನಮ್ಮಲ್ಲಿ ಮಾತು ಹೇಳ್ದೋರ ಕೈಲೇ ಹಗ್ಗ. ನಮ್ಮಪ್ಪನ ಕಾಲ್ದಿಂದಾನೂ ಹಂಗೇ.”

ಆ ಪದ್ಧತಿಯ ಕ್ರೌರ್ಯ ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ಕವಲೊಂದರ ಮೇಲೆ ಹಾದು, ಪಕ್ಕದ ಬೇವಿನ ಕಾಂಡಕ್ಕೆ ಎರಡು ಸುತ್ತು ಬಳಸಿ, ನನ್ನ ಅಂಗೈಗೆ ಬಂದಿತ್ತು. ನಾನು ಹೇಳಿದಂತೆ ಮರ ಗಟ್ಟಿಯಾಗಿದ್ದರೆ ಕವಲು ಭಾರ ತಡೆಯುತ್ತದೆ. ಇಲ್ಲದಿದ್ದರೆ ಕೊಂಬೆ, ಕವಲು, ಮುನಿವೆಂಕಟಪ್ಪ ಮೂರೂ ಚಿನ್ನಮ್ಮನ ಹೆಂಚಿನ ಮೇಲೆ. ಮೇಲಿನಿಂದ ಬರುವ ಅಪ್ಪಣೆಗಳು ಎರಡೇ, ಎರಡೂ ತೆಲುಗು: ‘ಪಟ್ಟು’ ಎಂದರೆ ಬಿಗಿ ಹಿಡಿ, ‘ವದಲು’ ಎಂದರೆ ಸಡಿಲಿಸು. ನನಗೆ ಎರಡೂ ಚೆನ್ನಾಗಿ ಗೊತ್ತಿದ್ದವು. ಗೊತ್ತಿರುವುದಕ್ಕೂ ಕೈಗೂ ಏನು ಸಂಬಂಧ?

ಮುನಿವೆಂಕಟಪ್ಪ ಮತ್ತೆ ಹತ್ತಿದ. ಗರಗಸ ಮೊದಲು ಅಡಿಯಿಂದ ಕಚ್ಚಿತು, ಆಮೇಲೆ ಮೇಲಿನಿಂದ. ಹೊಟ್ಟು ನನ್ನ ತಲೆಯ ಮೇಲೆ ಉದುರುತ್ತಿತ್ತು. ಲಟಾರನೆ ಸದ್ದಾಯಿತು. ಕೊಂಬೆ ಮುರಿದು ಹಗ್ಗಕ್ಕೆ ತೂಗುಬಿದ್ದು, ಮುನಿವೆಂಕಟಪ್ಪನ ಕಡೆಗೇ ಬೀಸಿ ಬಂತು.

“ವದಲು!”

ನಾನು ಬಿಡಲಿಲ್ಲ. ಭಯಕ್ಕೆ ಹಿಡಿಯುವುದೊಂದೇ ಗೊತ್ತು. ಕೊಂಬೆ ಆತನ ಬೆನ್ನನ್ನು ಸವರಿಕೊಂಡು ಹೋಯಿತು.

“ವದಲಯ್ಯಾ, ಚದುವುಕುನ್ನೋಡಾ!”

ಚದುವುಕುನ್ನೋಡು ಎಂದರೆ ಓದಿದವನು. ನನ್ನ ಪದವಿಯನ್ನು ಅಷ್ಟು ಸರಿಯಾದ ಧಾಟಿಯಲ್ಲಿ ಯಾರೂ ಉಚ್ಚರಿಸಿರಲಿಲ್ಲ. ಬಿಟ್ಟೆ. ಹಗ್ಗ ಅಂಗೈಯನ್ನು ಸುಡುತ್ತ ಓಡಿತು. “ಪಟ್ಟು! ಪಟ್ಟು!” ಎಂಬ ಕೂಗಿಗೆ ಹಲ್ಲು ಕಚ್ಚಿ ಹಿಡಿದೆ. ಹೆಂಚಿನಿಂದ ಗೇಣು ಮೇಲೆ ಕೊಂಬೆ ನಿಂತಿತು. ಮೇಲಿನ ಕವಲು ಕಿರುಗುಟ್ಟಿತು, ಆದರೆ ತಡೆಯಿತು. ಆಮೇಲೆ ಗೇಣು ಗೇಣಾಗಿ ಬಿಟ್ಟು ಅಂಗಳಕ್ಕಿಳಿಸಿದೆವು. ಕಟ್ಟಕಡೆಗೆ ಒಂದು ರೆಂಬೆ ತಗುಲಿ ಒಂದೇ ಒಂದು ಹೆಂಚು ಜಾರಿ ಒಡೆಯಿತು.

ಚಿನ್ನಮ್ಮ ಚೂರುಗಳನ್ನು ನೋಡಿದರು. “ಬರೀರಿ ಸ್ವಾಮಿ. ಅದನ್ನೂ ಬರೀರಿ.”

ಕೊಯ್ದ ಗಾಯ ಕಾಂಡಕ್ಕೆ ಸಮನಾಗಿರಬೇಕು, ಅದಕ್ಕೆ ಡಾಂಬರು ಬಳಿಯಬೇಕು ಎಂದು ನನ್ನ ಪುಸ್ತಕ ಹೇಳಿತ್ತು. ಮುನಿವೆಂಕಟಪ್ಪ ಕೊಂಬೆಯ ಬುಡದ ಉಬ್ಬನ್ನು ಹಾಗೆಯೇ ಬಿಟ್ಟಿದ್ದ. “ಅದು ಮರದ ಬಳೆ ಸಾರ್. ಬಳೆ ಉಳಿಸಿದ್ರೆ ಗಾಯ ಅದೇ ಮುಚ್ಕೊಳ್ತದೆ” ಎಂದ. ಸುಟ್ಟ ಅಂಗೈಗೆ ಮಜ್ಜಿಗೆಯ ಬಟ್ಟೆ ಸುತ್ತಿಕೊಂಡು ಕೂತಿದ್ದ ನಾನು, ಈ ಕೆಲಸಕ್ಕೆ ಜನ ಆತನನ್ನು ಏನೆಂದು ಕರೆಯುತ್ತಾರೆಂದು ಕೇಳಿದೆ.

“ಏನಂತಾರೆ? ‘ಲೇ ಮುನೆಂಕ್ಟಪ್ಪ, ಬಾರ್ಲಾ’ ಅಂತಾರೆ.”

“ಅಲ್ಲ, ಒಬ್ಬನಿಗೆ ಮರದ ಕೆಲಸ ಬಂತು ಅಂತ ಹೇಗೆ ಹೇಳ್ತೀರಿ?”

ಬೀಡಿ ಹಚ್ಚಿ ಯೋಚಿಸಿದ. “ಕೊಯ್ದ ಮರದ ಕೆಳಗೆ ಗಾಳಿಗಾಲ್ದಾಗೆ ಮತ್ತೆ ಬಂದು ಕೂತ್ಕೊಳ್ಳಕ್ಕೆ ಹೆದರಿಕೆ ಆಗ್ದಿದ್ರೆ, ಬಂತು ಅಂತ.”

ಸೋಮವಾರ ಗರಗಸದವರು ಹೊರಡುವ ಮೊದಲೇ ಹೊಸ ವರದಿ ಬರೆದೆ. ಅಕ್ಷರ ಸೊಟ್ಟಗಿತ್ತು. ‘ಹಿಂದಿನ ಅಭಿಪ್ರಾಯ ನನ್ನದೇ, ಅದು ತಪ್ಪು. ಮರವನ್ನು ಉಳಿಸತಕ್ಕದ್ದು. ಕೊಂಬೆ ಇಳಿಸುವಾಗ ಹಗ್ಗವನ್ನು ನಾನೇ ಹಿಡಿದಿದ್ದೆ.’ ಮೇಲಧಿಕಾರಿಗಳು ಓದಿ, ಮರವನ್ನು ಉಳಿಸಿದರು. ಕೊನೆಯ ವಾಕ್ಯವನ್ನು, ಕಡತಕ್ಕೆ ಅಪ್ರಸ್ತುತವೆಂದು, ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ನನ್ನ ಜಗಳ ಇಂದಿಗೂ ಆ ಕೆಂಪು ಗೆರೆಯೊಂದಿಗೆ. ಪ್ರತಿಯೊಂದು ಅಭಿಪ್ರಾಯದ ಕೆಳಗೆ ಸೀಲಿಗೆ ಜಾಗವಿದೆ. ಹಗ್ಗ ಹಿಡಿದವರ ಹೆಸರಿಗೆ ಒಂದು ಚೌಕ ಕೇಳಿ ನಾನು ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ. ಆ ಚೌಕವೊಂದಿದ್ದರೆ ನಮ್ಮ ರಸ್ತೆಬದಿಯ ಎಷ್ಟು ಹುಣಿಸೆಮರಗಳು ಇಂದೂ ನಿಂತಿರುತ್ತಿದ್ದವೋ!

ಅಂದಿನಿಂದ ಪ್ರತಿ ಆಷಾಢದಲ್ಲಿ, ಗಾಳಿ ಜೋರಾದಾಗ, ಚಿನ್ನಮ್ಮನ ಮನೆಗೆ ಹೋಗುತ್ತೇನೆ. ಮೊದಲ ವರ್ಷ ಮರದ ಕೆಳಗಿನ ಜಗುಲಿಯ ತುದಿಯಲ್ಲಿ, ಒಂದು ಕಾಲು ಹೊರಗಿಟ್ಟುಕೊಂಡೇ ಕೂತಿದ್ದೆ. ಏಳೆಂಟು ವರ್ಷ ಕಳೆದ ಈಗ ಗೋಡೆಗೆ ಒರಗುತ್ತೇನೆ. ಬಳೆಯ ಅಂಚಿನಿಂದ ತೊಗಟೆ ಒಳಕ್ಕೆ ಮಡಚಿ ಗಾಯ ಅಂಗೈಯಷ್ಟಾಗಿದೆ. ಕಪ್ಪಾದ ಹಳೆಯ ಹೆಂಚುಗಳ ನಡುವೆ ಒಂದೇ ಒಂದು ಹೊಸ ಹೆಂಚು, ಥೇಟು ಸೀಲಿನ ಹಾಗೆ, ಕೆಂಪಗೆ ಕೂತಿದೆ. ಬಂದ ನೆಂಟರು ನಾನು ಯಾರೆಂದು ಕೇಳಿದರೆ ಚಿನ್ನಮ್ಮ ಅದರ ಕಡೆ ಕೈ ತೋರಿಸಿ, “ನಮ್ಮ ಹೆಂಚು ಒಡೆದೋರು ಇವ್ರೇ ಕಣೇ” ಎನ್ನುತ್ತಾರೆ. ಮರದ ಕೆಲಸದಲ್ಲಿ ನಾನು ದುಡಿದು ಸಂಪಾದಿಸಿದ ಬಿರುದು ಅದೊಂದೇ. ಅದನ್ನು ಯಾವ ಅಂಗಡಿಯಲ್ಲೂ ಅರ್ಧ ಗಂಟೆಯಲ್ಲಿ ಮಾಡಿಕೊಡುವುದಿಲ್ಲ.