ಜೀರಿಗೆ ನೀರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಎನ್ನುವಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಈ ಸಂಗತಿಯಲ್ಲಿ ಮುಖ್ಯವಾದದ್ದೂ ಅದೇ. ಕಳೆದ ವಾರ ನಮ್ಮ ಫ್ಲ್ಯಾಟಿನ ಸಂಪು ತೊಳೆದರು. ಬ್ಲೀಚಿಂಗ್ ಪೌಡರಿನ ವಾಸನೆ ಮೆಟ್ಟಿಲು ಹತ್ತಿ ಬಾಗಿಲವರೆಗೂ ಬಂತು. ಅದರ ಜೊತೆಗೆ ಟೈಪ್ ಟೀಚರ್ ನೆನಪಾದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದ್ರಾಸಿನ ಮೈಲಾಪೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದೆ. ದೊಡ್ಡಪ್ಪನಿಗೆ ಪ್ಯಾರೀಸ್ ಕಾರ್ನರಿನಲ್ಲಿ ಅಂಗಡಿ. ನಮ್ಮ ಕಟ್ಟಡದ ಸಂಪು, ಮೋಟಾರು, ಲಾರಿ ನೀರು ತರಿಸುವುದು, ಎಲ್ಲ ಅವರದೇ ಉಸ್ತುವಾರಿ. ಮೇಲಿನ ಮನೆಯಲ್ಲಿ ಟೀಚರ್ ಒಬ್ಬರೇ ಇದ್ದರು. ಬಹಳ ಹಿಂದೆಯೇ ಮದ್ರಾಸಿಗೆ ಬಂದು ನೆಲೆಸಿದ ವೈಷ್ಣವ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು. ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಆ ಕೀಲಿಗಳ ಸದ್ದು, ನಡುವೆ ಸ್ಕೇಲಿನಿಂದ ಮೇಜಿಗೆ ಅವರು ಹಾಕುತ್ತಿದ್ದ ತಾಳ...

ಒಂದು ಬೇಸಿಗೆಯಲ್ಲಿ ಅವರಿಗೆ ಭೇದಿ, ಜ್ವರ ಬಂತು. ಕೆಳಮನೆಯ ಮಗುವಿಗೂ ಭೇದಿಯಾಗಿತ್ತು. ಹಲ್ಲು ಬರುತ್ತಿದೆ ಎಂದರು. ಟೀಚರಿಗೆ ಬ್ಯಾಕ್ಟೀರಿಯಾದ ಸೋಂಕು ಎಂದು ಡಾಕ್ಟರು ಮಾತ್ರೆ ಕೊಟ್ಟರು, ಜ್ವರ ಬಿಟ್ಟಿತು. ನೋವು ಶುರುವಾದದ್ದು ಆಮೇಲೆ. ಮೊದಲು ಹಿಮ್ಮಡಿ, ಆಮೇಲೆ ಸೊಂಟ, ಭುಜ, ಕಡೆಗೆ ಬೆರಳುಗಳು. ಒದ್ದೆ ಸೀರೆ ಹಿಂಡಲೂ ಆಗುತ್ತಿರಲಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿಯಾಗಿದ್ದವು. ಹಾಗೆ ಸರಿಯಾಗಿದ್ದದ್ದೇ ಅವರಿಗೆ ಮುಳುವಾಯಿತು. ಆ ಹೊತ್ತಿಗೆ ಬೀದಿ ಬೀದಿಯಲ್ಲೂ ಕಂಪ್ಯೂಟರ್ ಸೆಂಟರುಗಳಾಗಿದ್ದವು, ಟೈಪಿಂಗಿಗೆ ಬರುವವರು ಕಡಿಮೆಯಾಗಿದ್ದರು.

"ಅವರಿಗೆ ಬಂದಿರೋದು ಕಂಪ್ಯೂಟರ್ ಜ್ವರ ಕಣೇ," ಎಂದರು ದೊಡ್ಡಪ್ಪ, ಊಟಕ್ಕೆ ಕೂತಾಗ. "ಅಂಗಡಿ ಮುಚ್ಚೋಕೆ ಮರ್ಯಾದಸ್ಥ ಕಾರಣ ಬೇಕಲ್ಲ."

ಆ ತಮಾಷೆ ಕಟ್ಟಡವೆಲ್ಲ ಸುತ್ತಿತು. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವರು ದೊಡ್ಡಪ್ಪನೇ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ.

ಒಂದು ದಿನ ಟೀಚರ್ ನನ್ನನ್ನು ಮೆಟ್ಟಿಲಲ್ಲಿ ತಡೆದರು. "ಏನಮ್ಮಾ ಸೈನ್ಸ್ ಪೊಣ್ಣು, ನಿನ್ನ ಪ್ರೊಫೆಸರ್ ಹತ್ರ ಒಂದು ಮಾತು ಕೇಳು. ಆ ಜ್ವರಕ್ಕೂ ಈ ನೋವಿಗೂ ಸಂಬಂಧ ಇರಬಹುದಾ? ವಾಸಿ ಮಾಡೋದು ಬೇಡ. ಎಲ್ಲಿಂದ ಬಂತು ಅಂತ ಹೇಳಿದ್ರೆ ಪೋದುಂ, ಅಷ್ಟು ಸಾಕು. ಎಲ್ಲಾರೂ ನಟನೆ ಅಂತಾರೆ."

ಕೇಳಿದೆ. ಕರುಳಿನ ಸೋಂಕು ವಾಸಿಯಾದ ಮೇಲೂ ಕೆಲವರಿಗೆ ಕೀಲುನೋವು ಬರುವುದುಂಟು ಎಂದರು ನಮ್ಮ ಲೆಕ್ಚರರ್. ಆದರೆ ಮೈಯೆಲ್ಲ ತಿಂಗಳುಗಟ್ಟಲೆ ನೋಯುವುದಕ್ಕೂ ಅದಕ್ಕೂ ನಂಟಿದೆ ಎನ್ನಲಾರೆ, ಇಲ್ಲ ಎಂದೂ ಹೇಳಲಾರೆ ಎಂದರು. ಆಮೇಲೆ ಕೇಳಿದರು, "ನೀರು ಪರೀಕ್ಷೆ ಮಾಡಿಸಿದ್ರಾ?"

ಇದನ್ನು ನಾನು ಟೀಚರಿಗೆ ಹೇಳಿದ ಸಂಜೆಯೇ ಅವರು ಮೆಟ್ಟಿಲ ಕೈಗಂಬಿ ಹಿಡಿದು ನಮ್ಮ ಮನೆಗೆ ಇಳಿದು ಬಂದರು. ದೊಡ್ಡಮ್ಮ ಲೋಟದಲ್ಲಿ ನೀರು ಕೊಟ್ಟರು. ಟೀಚರ್ ಒಂದು ಗುಟುಕು ಕುಡಿದು ಲೋಟ ನೋಡಿದರು.

"ಜೀರಿಗೆ ಹಾಕಿ ಕಾಯಿಸಿದೀರಾ? ಯಾವಾಗಿಂದ?"

"ನಮ್ಮಲ್ಲಿ ಯಾವಾಗ್ಲೂ ಹೀಗೇ," ಎಂದರು ದೊಡ್ಡಮ್ಮ.

ಯಾವಾಗಲೂ ಅಲ್ಲ. ಆ ಮನೆಗೆ ಬಂದಾಗಿನಿಂದ ನಾನು ಕುಡಿದದ್ದು ಮಣ್ಣಿನ ಹೂಜಿಯ ತಣ್ಣೀರು. ಕಾಯಿಸಲು ಶುರು ಮಾಡಿದ್ದು ಆ ವರ್ಷದ ಬೇಸಿಗೆಯಲ್ಲೇ.

ದೊಡ್ಡಪ್ಪ ಪೇಪರ್ ಕೆಳಗಿಟ್ಟರು. "ನೀರಿಗೇನಾಗಿದೆ ಟೀಚರ್? ನಾವೆಲ್ಲ ಅದೇ ಸಂಪಿನ ನೀರೇ ಅಲ್ವಾ ಕುಡಿಯೋದು? ನಮಗ್ಯಾರಿಗೂ ಏನೂ ಆಗಿಲ್ವಲ್ಲ."

"ಸರಿ ಸಾರ್," ಎಂದರು ಟೀಚರ್. "ನಿಮಗೆಲ್ಲ ಗಟ್ಟಿ ಹೊಟ್ಟೆ. ನನಗೆ ಮಾತ್ರ ನಟನೆ."

ಲೋಟದಲ್ಲಿ ಉಳಿದ ನೀರನ್ನು ಅವರು ಕುಡಿಯಲಿಲ್ಲ.

ವರ್ಷದೊಳಗೆ ಮೆಷಿನ್ನುಗಳನ್ನು ಯಾರೋ ಕೊಂಡೊಯ್ದರು. ಟೀಚರ್ ತ್ರಿಪ್ಲಿಕೇನಿನ ತಂಗಿಯ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರೆಂದು ತಿಳಿಯಿತು. ನೋವು ಕಡೆಯವರೆಗೂ ಇತ್ತಂತೆ. ತಂಗಿಯಾದರೂ ನಂಬಿದ್ದಳೋ ಇಲ್ಲವೋ...

ಇಂಥ ನೋವಿನ ಹಿಂದೆ ಹಳೆಯ ಸೋಂಕು ಇರಬಹುದೇ ಎಂದು ಸಂಶೋಧಕರು ಈಗಲೂ ಹುಡುಕುತ್ತಿದ್ದಾರೆ. ಖಚಿತವಾಗಿ ಯಾರೂ ಹೇಳುತ್ತಿಲ್ಲ. ಹಾಗಾಗಿ ನಮ್ಮ ಸಂಪೇ ಅವರ ಮೈಯನ್ನು ಹಾಳುಮಾಡಿತು ಎಂದು ನಾನು ಬರೆಯಲಾರೆ. ನನ್ನ ಅನುಮಾನ ಅದಕ್ಕಿಂತ ಚಿಕ್ಕದು. ನೆನಪಿನಲ್ಲಿ ಒಂದು ಬೆಳಗು ಇದೆ. ದೊಡ್ಡಪ್ಪ ಸಂಪಿನ ಮುಚ್ಚಳ ತೆಗೆದು ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದಾರೆ. ಅಡುಗೆಮನೆಯಲ್ಲಿ ಮೊದಲ ಸಲ ಜೀರಿಗೆ ನೀರು ಕುದಿಯುತ್ತಿದೆ. ಮೇಲೆ ಕೀಲಿಗಳ ಸದ್ದು, ಸ್ಕೇಲಿನ ತಾಳ. ತಾಳ ಇತ್ತೆಂದರೆ ಟೀಚರ್ ಇನ್ನೂ ಚೆನ್ನಾಗಿದ್ದರು. ಹಾಗಾದರೆ ನೀರು ಕೆಟ್ಟಿದ್ದು ದೊಡ್ಡಪ್ಪನಿಗೆ ಗೊತ್ತಿತ್ತು, ನಾವು ಕಾಯಿಸಿ ಕುಡಿದೆವು, ಮೇಲಿನ ಮನೆಗೆ ಒಂದು ಮಾತು ಹೇಳಲಿಲ್ಲ. ಆದರೆ ತಾಳವನ್ನು ನಿಜವಾಗಿ ಕೇಳಿದೆನೋ, ಆಮೇಲೆ ಸೇರಿಸಿಕೊಂಡೆನೋ? ಟೀಚರ್ ಮಲಗಿದ್ದಾಗ ಕಲಿಯಲು ಬಂದ ಹುಡುಗಿಯರೇ ಟೈಪ್ ಮಾಡುತ್ತಿದ್ದಿರಬಹುದಲ್ಲ?

ದೊಡ್ಡಪ್ಪ ಈಗಿಲ್ಲ. ನಿನ್ನೆ ದೊಡ್ಡಮ್ಮನ ಬಳಿ ಹೋಗಿದ್ದೆ. ನುಗ್ಗೆ ಸೊಪ್ಪು ಬಿಡಿಸುತ್ತಿದ್ದರು. ಕೇಳಿದೆ. "ಕತ್ತಲಾಯ್ತು, ಲೈಟ್ ಹಾಕು," ಎಂದರು. ಲೈಟ್ ಹಾಕಿ, ಎದುರಿಗೆ ಕೂತು ಮತ್ತೆ ಕೇಳಿದೆ.

"ದೊಡ್ಡಮ್ಮಾ, ನೀವು ನೀರು ಕಾಯಿಸೋಕೆ ಶುರು ಮಾಡಿದ್ದು ಟೀಚರಿಗೆ ಜ್ವರ ಬರೋಕೆ ಮುಂಚೆನಾ, ಆಮೇಲಾ?"