ಕೊಳ್ಳದೆ ಬಳಸಿದ ಎಡಿಟರು, ಕೊಡದೆ ಉಳಿದ ಈಳಿಗೆ

ಒಂಬತ್ತು ವರ್ಷಗಳ ಕಾಲ ನಾನು ದಿನಕ್ಕೆ ಹತ್ತಿಪ್ಪತ್ತು ಸಲ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿದ್ದೇನೆ. ಪ್ರಶ್ನೆ ಬಹಳ ಸಭ್ಯವಾದದ್ದು: ‘ನೀವು ಇದನ್ನು ಇನ್ನೂ ಕೊಂಡಿಲ್ಲ, ಈಗ ಕೊಳ್ಳುತ್ತೀರಾ?’ ಉತ್ತರ ಅಷ್ಟು ಸಭ್ಯವಾದದ್ದಲ್ಲ. ತುಟಿ ಬಿಚ್ಚದೆ ಕ್ಯಾನ್ಸಲ್ ಗುಂಡಿ ಒತ್ತಿ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಿದ್ದೆ. ಬಾಗಿಲಿಗೆ ಬಂದವರನ್ನು ಮುಂದಿನ ಮನೆಗೆ ಕಳಿಸುವಾಗಲೂ ನಮ್ಮ ಕಡೆ ಒಂದು ‘ರೀ’ ಸೇರಿಸುತ್ತೇವೆ. ಆ ಗುಂಡಿಗೆ ಅದೂ ಇರಲಿಲ್ಲ.

ಕೇಳುತ್ತಿದ್ದದ್ದು ಒಂದು ಟೆಕ್ಸ್ಟ್ ಎಡಿಟರು. ಹೆಸರು ಕೇಳಿ ಗಾಬರಿಯಾಗಬೇಡಿ. ಪ್ರೋಗ್ರಾಂ ಬರೆಯುವವರ ಪಾಟಿ ಅದು, ಅಷ್ಟೇ. ಅದರ ಮೇಲೆ ಬರೆಯುತ್ತೇವೆ, ಒರೆಸುತ್ತೇವೆ, ತಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. ನಾನು ಉದಗೀರದ ಒಂದೆರಡು ಕಾಲೇಜುಗಳಿಗೆ, ದವಾಖಾನೆಗಳಿಗೆ ಪ್ರೋಗ್ರಾಂ ಬರೆದುಕೊಡುತ್ತೇನೆ. ಮಧ್ಯಾಹ್ನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ. ಈ ಎರಡು ಉದ್ಯೋಗಕ್ಕೂ ಬೇಕಾದ ಒಂದೇ ಹತಾರ ಈ ಪಾಟಿ. ಅದನ್ನು ಮಾಡಿದವರು ದೂರದ ಯಾವುದೋ ದೇಶದ ನಾಲ್ಕಾರು ಜನ. ಮೊದಲು ಬಳಸಿ ನೋಡಿ, ಹಿಡಿಸಿದರೆ ಕೊಳ್ಳಿ ಎಂದು ನಂಬಿ ಬಿಟ್ಟಿದ್ದರು. ಬೀಗ ಹಾಕಿರಲಿಲ್ಲ. ಆಗಾಗ ಒಂದು ಸಣ್ಣ ಪೆಟ್ಟಿಗೆ ಪರದೆಯ ನಡುವೆ ಬಂದು ನೆನಪು ಮಾಡಿ ಹೋಗುತ್ತಿತ್ತು.

ಪುಕ್ಕಟೆ ಎಡಿಟರುಗಳು ಬೇಕಾದಷ್ಟಿವೆ, ಒಳ್ಳೆಯವೂ ಇವೆ. ಅವುಗಳಲ್ಲಿ ಒಂದನ್ನು ಹಾಕಿಕೊಂಡಿದ್ದರೆ ಪಾಪವೂ ಇಲ್ಲ, ಪಂಚಾಯಿತಿಯೂ ಇಲ್ಲ. ನನಗೆ ಹಾಗಲ್ಲ, ಕೊಳ್ಳಬೇಕಾದದ್ದೇ ಪುಕ್ಕಟೆ ಬೇಕಿತ್ತು. ಬೆಲೆ ಒಂದು ಒಳ್ಳೆಯ ರೇಷ್ಮೆ ಸೀರೆಯಷ್ಟು. ಆ ಒಂಬತ್ತು ವರ್ಷಗಳಲ್ಲಿ ನಾನು ಸೀರೆ ಕೊಳ್ಳದೆ ಇದ್ದೆನೇ? ಕಪಾಟು ತೆಗೆದರೆ ಮೈಮೇಲೆ ಬೀಳುತ್ತವೆ. ಸೀರೆಯಾದರೆ ಉಟ್ಟಾಗ ನಾಲ್ಕು ಜನ ನೋಡುತ್ತಾರೆ, ಎಡಿಟರನ್ನು ಕೊಂಡರೆ ಯಾರು ನೋಡುತ್ತಾರೆ ಎಂಬುದು ನನ್ನ ಅಂದಿನ ತತ್ತ್ವಜ್ಞಾನ. ಹಳೆಯ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರರು ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುತ್ತಾರಲ್ಲ, ಗರಿ ಕೊರೆದ ಕಬ್ಬಿಣದ ಕಂಟ ಯಾರದು ಎಂದು ಒಬ್ಬರಾದರೂ ಹೇಳಿದ್ದಾರೆಯೇ ಎಂದು ನನ್ನ ಗಂಡನ ಮುಂದೆ ವಾದಿಸಿದ್ದೂ ಉಂಟು. ಅವರು ಹೈಸ್ಕೂಲ್ ಮಾಸ್ತರರು. ಲಿಪಿಕಾರರ ಕಂಟ ದಿನಕ್ಕೆ ಇಪ್ಪತ್ತು ಸಲ ಬಾಯಿಬಿಟ್ಟು ಕೇಳುತ್ತಿರಲಿಲ್ಲ ಎಂದು ಹೇಳಿ ಪೇಪರು ಓದತೊಡಗಿದರು.

ಇತ್ತ ಕ್ಲಾಸಿನಲ್ಲಿ ನಾನು, ಬೇರೆಯವರು ಬರೆದ ಪ್ರೋಗ್ರಾಂ ಕದ್ದು ತರಬೇಡಿ, ದುಡಿದವರ ಕೈಗೆ ಬೆಲೆ ಕೊಡಿ ಎಂದು ಪ್ರತಿ ಬ್ಯಾಚಿಗೂ ಮೊದಲ ದಿನವೇ ಬೋಧಿಸುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಒಮ್ಮೆ ಪರದೆಯನ್ನು ಗೋಡೆಯ ಮೇಲೆ ತೋರಿಸಿ ಪಾಠ ಹೇಳುತ್ತಿದ್ದಾಗ ಆ ಪೆಟ್ಟಿಗೆ ಗೋಡೆಯಷ್ಟು ದೊಡ್ಡದಾಗಿ ಬಂದು ನಿಂತಿತು. ಬೆರಳು ಅಷ್ಟು ವೇಗವಾಗಿ ಓಡಿದ್ದನ್ನು ನಾನೇ ಕಂಡಿರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು, “ಮೇಡಂ, ರೊಕ್ಕ ಕೊಟ್ಟು ಎಡಿಟರ್ ತಗೊಂಡ್ರ ಫಾಯದಾ ಅದ ಏನ್ರಿ?” ಎಂದು ಕೇಳಿದಳು. ಪಾಪ, ಅವಳು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಅದು ಅವರವರ ಕೆಲಸದ ಮೇಲೆ ನಿಂತಿದೆ ಎಂದು ಏನೋ ತೊದಲಿ ಪಾಠ ಮುಂದುವರಿಸಿದೆ.

ಇಷ್ಟೇ ಆಗಿದ್ದರೆ ಇನ್ನೊಂದು ಒಂಬತ್ತು ವರ್ಷ ಕಳೆಯುತ್ತಿತ್ತು. ನನ್ನನ್ನು ಹಿಡಿದುಹಾಕಿದ್ದು ಅತ್ತೆಯ ಮನೆತನದ ಒಂದು ಕಟ್ಟಳೆ.

ನನ್ನ ತವರು ಭಾಲ್ಕಿ. ಅತ್ತೆಯವರದು ಉಮರ್ಗಾ ಕಡೆಯ ಹಳ್ಳಿ, ಹೊಲಮನೆಯ ಲಿಂಗವಂತ ಮನೆತನ. ಭೂಕಂಪದಲ್ಲಿ ಆ ಮನೆ ಬಿದ್ದು, ಕೆಲವು ವರ್ಷ ತಗಡಿನ ಶೆಡ್ಡಿನಲ್ಲಿದ್ದು, ಆಮೇಲೆ ಉದಗೀರಕ್ಕೆ ಬಂದವರು. ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಕೆಲಸದ ಸಾಮಾನುಗಳನ್ನು ತೊಳೆದು ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಇವರಲ್ಲಿ ಇನ್ನೊಂದು ನೇಮ ಹೆಚ್ಚು. ಹಿಂದಿನ ದಿನ ಸಂಜೆಯೊಳಗೆ, ಎರವು ತಂದದ್ದೆಲ್ಲ ಒಡೆಯರ ಮನೆ ಸೇರಬೇಕು. ಕುಡುಗೋಲಿರಲಿ, ಜರಡಿ ಇರಲಿ, ವರ್ಷವಿಡೀ ಯಾರು ಬಳಸಿದರೂ ಅಂದಿನ ಕುಂಕುಮ ಒಡೆಯರ ಕೈಯಿಂದಲೇ ಬೀಳಬೇಕು. ಎರವಿನ ಸಾಮಾನಿಗೆ ನಮ್ಮ ಕುಂಕುಮ ಹಚ್ಚಿದರೆ ಅದು ಕದ್ದಂತೆ ಎಂದು ಅತ್ತೆ ಹೇಳುತ್ತಾರೆ. ಆ ದಿನ ಸಾಲಿನಲ್ಲಿ ಜಾಗವಿಲ್ಲದ್ದು ಒಂದೇ, ಅಡುಗೆಮನೆಯ ಬಾಗಿಲ ಹಿಂದೆ ಕೂಡುವ ಹಳೆಯ ಈಳಿಗೆ. ತುಕ್ಕು ಹಿಡಿದದ್ದಕ್ಕೆ ಬಿಟ್ಟಿರಬೇಕು ಎಂದುಕೊಂಡಿದ್ದೆ.

ಹೋದ ವರ್ಷ ಅತ್ತೆ ನನ್ನ ಲ್ಯಾಪ್‌ಟಾಪನ್ನೂ ಸಾಲಿಗೆ ತಂದಿಟ್ಟರು. “ಮುಚ್ಚಿದ್ದಕ್ಕ ಹಚ್ಚಬಾರದು, ನೀ ಬರಿಯೋದು ತೆಗಿ,” ಎಂದರು. ತೆಗೆದೆ. ಎಡಿಟರು ಬಂತು. ಅತ್ತೆ ಅಂಚಿಗೆ ಕುಂಕುಮದ ಬೆರಳು ತಂದರು, ಸರಿಯಾಗಿ ಆಗಲೇ ಪೆಟ್ಟಿಗೆಯೂ ಬಂತು.

“ಏನಂತದ ಅದು?” ಎಂದು ಕೇಳಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

“ಹಬ್ಬದ ಶುಭಾಶಯ ಹೇಳ್ಲಕತ್ತದ್ರಿ ಅತ್ತಿ,” ಎಂದೆ.

ಅತ್ತೆ ಒಂದು ಗಳಿಗೆ ಪರದೆಯನ್ನು ನೋಡಿ, ಬೆರಳಿನ ಕುಂಕುಮವನ್ನು ಪಕ್ಕದ ಹೊಲಿಗೆ ಮಷೀನಿಗೆ ಹಚ್ಚಿ, “ಆಮ್ಯಾಲ ಹಚ್ತೀನಿ,” ಎಂದರು. ಆಮೇಲೆ ಹಚ್ಚಲಿಲ್ಲ. ಮರೆತರು, ಸದ್ಯ ಪಾರಾದೆ ಎಂದುಕೊಂಡೆ. ಓಣಿಯ ಹೆಂಗಸರ ಮುಂದೆ ಮಾತ್ರ, ನಮ್ಮ ಸೊಸೆಯ ಮಷೀನು ಹಬ್ಬಕ್ಕೆ ಶುಭಾಶಯ ಹೇಳುತ್ತದೆ ಎಂದು ಹೇಳಿಕೊಂಡು ಬಂದರು. ಅವರು ಹೇಳಿದಷ್ಟು ಸಲ ನಾನು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ.

ಅಲ್ಲಿಂದ ಒಂದು ವರ್ಷ ಆ ಪೆಟ್ಟಿಗೆ ನನಗೆ ಕಣ್ಣಲ್ಲಿ ಬಿದ್ದ ಕಸವಾಯಿತು. ಕೊಂಡುಬಿಡೋಣ ಅಂದರೆ ಅದಕ್ಕೂ ನಾಚಿಕೆ. ಮೊದಲ ತಿಂಗಳಲ್ಲಿ ಕೊಂಡಿದ್ದರೆ ಗಿರಾಕಿ, ಒಂಬತ್ತು ವರ್ಷ ಬಿಟ್ಟು ಕೊಂಡರೆ ಸಿಕ್ಕಿಬಿದ್ದ ಕಳ್ಳಿ. ಕೊನೆಗೆ ಈ ವರ್ಷ ಅಷ್ಟಮಿಯ ಮಧ್ಯಾಹ್ನ, ಅತ್ತೆ ಪಕ್ಕದ ಮನೆಯ ಜರಡಿ ಕೊಟ್ಟುಬರಲು ಹೋದಾಗ, ಹಲ್ಲು ಕಚ್ಚಿ ಕೊಂಡೆ. ಏನೂ ಆಗಲಿಲ್ಲ. ಎಡಿಟರು ಮೊದಲು ಹೇಗಿತ್ತೋ ಹಾಗೇ ಇತ್ತು. ಬೆಳಿಗ್ಗೆಯಿಂದ ಕಾಡುತ್ತಿದ್ದ ನನ್ನ ಪ್ರೋಗ್ರಾಮಿನ ತಪ್ಪು ಅದೇ ಸಾಲಿನಲ್ಲಿ ಅದೇ ಜಾಗದಲ್ಲಿತ್ತು. ಪೆಟ್ಟಿಗೆ ಬರುವುದು ಮಾತ್ರ ನಿಂತಿತು.

ಆಗ ಹೊಸ ಚಿಂತೆ ಹತ್ತಿತು. ಪೆಟ್ಟಿಗೆ ಬರದಿದ್ದರೆ ನಾಳೆ ಅತ್ತೆಗೆ ಶುಭಾಶಯ ಯಾರು ಹೇಳಬೇಕು?

ಮುಂದಿನದನ್ನು ಬರೆಯಲು ನಿಜವಾಗಿ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಎಡಿಟರು ತೆಗೆದ ಕೂಡಲೆ ಒಂದು ಪೆಟ್ಟಿಗೆ ಬಂದು ಹಬ್ಬದ ಶುಭಾಶಯ ಹೇಳಬೇಕು, ಅಷ್ಟೇ. ರೊಕ್ಕ ಕೊಟ್ಟು ಪ್ರಾಮಾಣಿಕಳಾದ ಮೇಲೆ ಆ ಪ್ರಾಮಾಣಿಕ ಎಡಿಟರಿನಲ್ಲಿ ನಾನು ಬರೆದ ಮೊದಲ ಪ್ರೋಗ್ರಾಂ ಒಂದು ಸುಳ್ಳು.

ಮರುದಿನ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು. ಲ್ಯಾಪ್‌ಟಾಪು ತೆಗೆದೆ. ನನ್ನ ಪೆಟ್ಟಿಗೆ ಕಣ್ಣಿಗೆ ಕಟ್ಟುವಂತೆ ಹೂವಿನ ಅಂಚಿನೊಡನೆ ಬಂತು. ಅತ್ತೆ ಬಗ್ಗಿ ನೋಡಿದರು.

“ಇದು ಬ್ಯಾರೆ ಅದ,” ಎಂದರು. “ಅದಕ್ಕ ಹೂವು ಇರ್ಲಿಲ್ಲ. ಕೆಳಗ ಎರಡು ಗುಂಡಿ ಇದ್ದವು.”

ನಾನು ಆ ಹೂವಿನ ಪೆಟ್ಟಿಗೆಯನ್ನು ಮುಚ್ಚಿದೆ.

“ನಾ ನಿನ್ನ ಬಾಜೂಕ ಕೂತು ತೊಗರಿ ಹಸನ ಮಾಡ್ತಿದ್ದೆ ನೋಡು. ಅದು ದಿನಾ ಬರ್ತಿತ್ತು. ನೀ ದಿನಾ ಒತ್ತಿ ಕಳಿಸ್ತಿದ್ದಿ. ದಿನಾ ಹಬ್ಬ ಇರ್ತದೇನು ತಾಯಿ?”

ಭೂಮಿ ಬಾಯಿ ಬಿಡಬಾರದೇ ಎಂದು ಭೂಕಂಪ ಕಂಡ ನಮ್ಮ ಕಡೆ ಯಾರೂ ತಮಾಷೆಗೂ ಅನ್ನುವುದಿಲ್ಲ. ಅಂದು ನನಗೆ ಅನ್ನಬೇಕೆನಿಸಿತು. ಎಲ್ಲ ಹೇಳಿದೆ. ಅದು ಪರರದೆಂದೂ, ಒಂಬತ್ತು ವರ್ಷ ದುಡಿಸಿಕೊಂಡೆನೆಂದೂ, ನಿನ್ನೆ ಬೆಲೆ ಮುಟ್ಟಿಸಿದೆನೆಂದೂ ಹೇಳಿದೆ. ಅತ್ತೆ ಬೈಯಲಿಲ್ಲ. ಹೋದ ವರ್ಷ ಹಚ್ಚದೆ ಬಿಟ್ಟ ಜಾಗಕ್ಕೆ ಕುಂಕುಮ ಹಚ್ಚಿದರು.

“ಗೊತ್ತಿದ್ದೂ ಯಾಕ ಸುಮ್ಮನಿದ್ರಿ ಅತ್ತಿ?” ಎಂದು ಕೇಳಿದೆ.

ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. “ಹ್ಯಾಂಗ ಕೇಳ್ಲಿ? ಆ ಈಳಿಗಿ ನಂದಲ್ಲ.”

ಈಳಿಗೆ ಗೋದಾಬಾಯಿಯದು. ಶೆಡ್ಡಿನಲ್ಲಿದ್ದಾಗ ನೆರೆಯಲ್ಲಿದ್ದವರು, ಅತ್ತೆಗೆ ಒಡಹುಟ್ಟಿದವರಷ್ಟು ಹತ್ತಿರ. ಅತ್ತೆಯ ಅಡುಗೆಮನೆಯೆಲ್ಲ ಕಲ್ಲುಮಣ್ಣಿನ ಕೆಳಗೆ ಹೋದಾಗ ತಮ್ಮ ಈಳಿಗೆ ತಂದುಕೊಟ್ಟಿದ್ದರು. ಆಮೇಲೆ ಅವರು ಮಗಳ ಹತ್ತಿರ ಔರಾದ ಶಹಾಜನಿ ಊರಿಗೆ ಹೋದರು, ಇವರು ಇಲ್ಲಿಗೆ ಬಂದರು. ಈ ವರ್ಷ ಕೊಡೋಣ, ಬರುವ ವರ್ಷ ಕೊಡೋಣ ಎನ್ನುತ್ತ ಇಪ್ಪತ್ತು ವರ್ಷ ದಾಟಿತು. ಅಷ್ಟು ತಡವಾದ ಮೇಲೆ ಬರಿಗೈಯಲ್ಲಿ ಹೋಗಲೂ ನಾಚಿಕೆ, ಹಿಡಿದುಕೊಂಡು ಹೋಗಲೂ ನಾಚಿಕೆ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ದಸರಾ. ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವ ದಿನ. ಈಳಿಗೆ ತಿಕ್ಕಿ, ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಇಬ್ಬರೂ ಔರಾದದ ಬಸ್ಸು ಹತ್ತಿದೆವು. ಅತ್ತೆ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಒಮ್ಮೆ ಕೇಳಿದರು, “ನಿನ್ನ ಎಡಿಟರಿನವರು ಎಲ್ಲಿರ್ತಾರ?”

“ಭಾಳ ದೂರ್ರಿ. ನಾ ನೋಡಿಲ್ಲ.”

“ನೀ ಪುಣ್ಯವಂತಿ. ಮಾರಿ ತೋರಿಸದೆ ಕೊಟ್ಟಿ.”

ಗೋದಾಬಾಯಿ ಬಾಗಿಲಲ್ಲೇ ಕೂತು ಕೊತ್ತಂಬರಿ ಸೋಸುತ್ತಿದ್ದರು. ಅತ್ತೆ ಮುಂದೆ ಹೋಗಿ, ಬನ್ನಿ ಕೊಡುವುದನ್ನೂ ಮರೆತು, ಸುತ್ತಿದ ಬಟ್ಟೆ ಬಿಚ್ಚಿ ಈಳಿಗೆಯನ್ನು ಅವರ ಮುಂದಿಟ್ಟರು. “ಗೋದಾ, ನಿಂದು. ಭಾಳ ತಡಾ ಆಯ್ತು,” ಎಂದರು. ಗೋದಾಬಾಯಿ ಈಳಿಗೆಯನ್ನು ನೋಡಲೇ ಇಲ್ಲ. ಅತ್ತೆಯ ಮುಖವನ್ನೇ ನೋಡುತ್ತ, “ಈಳಿಗಿ ಹಾಳಾಗಿ ಹೋಗ್ಲಿ. ನೀ ಯಾಕ ಬರೋದು ಬಿಟ್ಟಿ?” ಎಂದರು. ಇಬ್ಬರೂ ಅತ್ತರು. ನಾನು ಕೊತ್ತಂಬರಿ ಸೋಸತೊಡಗಿದೆ.

ರೊಕ್ಕ ಕೊಟ್ಟು ಎಡಿಟರು ಕೊಂಡರೆ ಫಾಯಿದೆ ಇದೆಯೇ ಎಂದು ಆ ಹುಡುಗಿ ಮತ್ತೆ ಕೇಳಿದರೆ ಈಗ ನೇರವಾಗಿ ಹೇಳಬಲ್ಲೆ. ಪುಕ್ಕಟೆ ಕೊಟ್ಟದ್ದನ್ನು ಪುಕ್ಕಟೆ ತಗೋ, ಅದರಲ್ಲೂ ಕೆಲಸ ಚೆನ್ನಾಗಿ ಆಗುತ್ತದೆ. ಕೊಂಡದ್ದರಿಂದ ನನ್ನ ಪ್ರೋಗ್ರಾಂ ಒಂದು ಸಾಲೂ ಸುಧಾರಿಸಿಲ್ಲ. ಕೊಳ್ಳಬೇಕಾದದ್ದನ್ನು ಕೊಳ್ಳದೆ ಇಟ್ಟುಕೊಂಡರೆ ಮಾತ್ರ ಅದರ ಬೆಲೆ ವರ್ಷವರ್ಷಕ್ಕೆ ಏರುತ್ತದೆ, ಅದನ್ನು ಬೇರೆ ಯಾವುದರಲ್ಲೋ ಕೊಡಬೇಕಾಗುತ್ತದೆ. ನಾನು ಒಂದು ವರ್ಷದ ನೆಮ್ಮದಿ ಕೊಟ್ಟೆ. ಅತ್ತೆ ಒಬ್ಬ ಗೆಳತಿಯನ್ನು ಕೊಟ್ಟಿದ್ದರು.

ಹೊರಡುವಾಗ ಗೋದಾಬಾಯಿ ಚೀಲ ಖಾಲಿ ಹೋಗಬಾರದೆಂದು ಹೋಳಿಗೆ ತುಂಬಿದ ಸ್ಟೀಲಿನ ಡಬ್ಬಿ ಹಾಕಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಮತ್ತೆ ಮತ್ತೆ ಚೀಲದೊಳಗೆ ಕೈಯಿಟ್ಟು ಡಬ್ಬಿ ಮುಟ್ಟಿ ನೋಡುತ್ತಿದ್ದರು. ಅಷ್ಟು ಖುಷಿಯನ್ನು ಅವರ ಮುಖದಲ್ಲಿ ನಾನು ಕಂಡಿರಲಿಲ್ಲ.

“ಡಬ್ಬಿ ಆಕಿದು,” ಎಂದರು. “ಬರೋ ಐತವಾರ ತಂದು ಕೊಡಬೇಕು ನೋಡು.”