ನಜಮೋದ್ದೀನರ ಬೆನ್ನಿನೊಳಗಿನ ಸಂದು

ಬೀದರಿನ ಮೈಲೂರಿನ ನಜಮೋದ್ದೀನ ಗಾದಿ ಹೊಲಿಯುವವರು. ಲಗ್ನದ ದಿನಗಳಲ್ಲಿ ಭಾಲ್ಕಿ, ಔರಾದಕ್ಕೂ ಬಸ್ಸು ಹತ್ತುತ್ತಿದ್ದರು. ಸುಲ್ತಾನರು ಹೋದ ಮೇಲೆ ಈ ಸೀಮೆಯಲ್ಲಿ ಇಷ್ಟು ಮಂದಿಯನ್ನು ಗಾದಿಗೇರಿಸಿದವರು ಇನ್ನೊಬ್ಬರಿಲ್ಲ. ಗೇಣುದ್ದದ ಸೂಜಿ ಚುಚ್ಚುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಅರಳೆ ಎಲ್ಲಿ ಗಂಟು, ಎಲ್ಲಿ ಸಡಿಲು ಎಂಬುದು ಬೆರಳಿಗೇ ತಿಳಿಯುತ್ತಿತ್ತು.

ನಲವತ್ತು ವರ್ಷ ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಯಿತು, ಅರಳೆಯ ದೂಳಿಗೆ ಉಸಿರು ಸೋತಿತು, ಮೊಣಕಾಲು ಸವೆಯಿತು. ಆಪರೇಷನ್ ಆಗದಿದ್ದರೆ ನಡಿಗೆ ಅಲ್ಲಿಗೆ ಮುಗಿದಂತೆ. ಆದರೆ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಉಸಿರಿಗೆ ಅಪಾಯ; ಬೆನ್ನೆಲುಬಿನ ಸಂದಿಗೆ ಸೂಜಿ ಹಾಕಿ ಸೊಂಟದ ಕೆಳಗಷ್ಟೇ ಮರಗಟ್ಟಿಸಬೇಕು. ಯಾರಿಗೂ ಬೆನ್ನು ತೋರಿಸದವರು ಒಂದು ದವಾಖಾನೆಯಲ್ಲಿ ತೋರಿಸಿದರು. ಐದು ಸಲ ಚುಚ್ಚಿದರು, ಐದೂ ಸಲ ಎಲುಬೇ ಸಿಕ್ಕಿತು. ಮನೆಗೆ ಕಳಿಸಿದರು.

ಎರಡನೆಯ ದವಾಖಾನೆಯಲ್ಲಿ ಅರಿವಳಿಕೆಯ ಡಾಕ್ಟರು ಮಹಾಮಾಯಾ ಬೆನ್ನಿಗೆ ಲೋಳೆ ಸವರಿ ಸೋನೋಗ್ರಫಿಯ ಹಿಡಿ ಇಟ್ಟರು.

“ಇದು ಬಸುರೇರಿಗೆ ಇಡೂದಲ್ಲೇನ್ರಿ, ಡಾಕ್ಟರ್‌ಬಾಯಿ?” ನಜಮೋದ್ದೀನ ಗಾಬರಿಯಾದರು.

“ಹೊಟ್ಟಿಗಲ್ಲ, ಬೆನ್ನಿಗಿಟ್ಟಾರ. ಸುಮ್ಮ ಕೂಡ್ರಿ,” ಎಂದರು ಹೆಂಡತಿ ಕುಲಸುಮಬೀ.

ಸಂದು ಸಿಕ್ಕಲ್ಲಿ ಪೆನ್ನಿನಿಂದ ಗುರುತು ಹಾಕಿ ಡಾಕ್ಟರು ಪಕ್ಕದ ಕೋಣೆಗೆ ಹೋಗಿ ಬಂದರು. ಬೆನ್ನು ಸ್ವಚ್ಛವಾಗಿ ಹೊಳೆಯುತ್ತಿತ್ತು.

“ಗುರ್ತ ಎಲ್ಲಿ ಹೋತು?”

“ಒರಸೀನ್ರಿ,” ಎಂದರು ಕುಲಸುಮಬೀ. ಗಾದಿಯ ಮೇಲೆ ಗಂಡ ಎಳೆದ ಸುಣ್ಣದ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಮೊದಲಿನಿಂದಲೂ ಅವರ ಪಾಲಿನ ಕೆಲಸ. “ಮಾಲ ಕೊಡೂಮುಂದ ಗುರ್ತ ಕಾಣಬಾರ್ದಲ್ರಿ?”

“ಹೊಲಿಯೂದರ ಮೊದಲೇ ಒರಸೀರಲ್ಲ, ಚಾಚಿ!” ಡಾಕ್ಟರು ನಕ್ಕು ಮತ್ತೆ ಲೋಳೆ ಹಚ್ಚಿದರು.

ಈ ಸಲ ನಜಮೋದ್ದೀನ ಸೋನೋಗ್ರಫಿಯ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಎಲುಬಿನ ಕಪ್ಪು ನೆರಳುಗಳ ನಡುವಿನ ಸಂದಿನಲ್ಲಿ ಒಂದು ಸಣ್ಣ ಬಿಳಿ ಗೆರೆ.

“ಅಲ್ಲಿಗೆ ಎಷ್ಟ ಆಳ ಅದರಿ?”

“ಐದು ಸೆಂಟಿಮೀಟರ್.”

ಅವರು ಮೂರು ಬೆರಳು ಜೋಡಿಸಿ ನೋಡಿಕೊಂಡರು. “ಬೆರಳಿಲೆ ಯಾಕ ಹುಡ್ಕಂಗಿಲ್ರಿ?”

“ಹುಡುಕ್ತೇವಿ ಚಾಚಾ. ನಿಮ್ಮ ಬೆನ್ನ ಬೆರಳಿಗೆ ಏನೂ ಹೇಳವಲ್ದು.”

ನಜಮೋದ್ದೀನ ಕೈ ಹಿಂದೆ ಚಾಚಿ ತಾವೇ ಒತ್ತಿ ನೋಡಿದರು. ಬರೀ ಗಂಟು. ತೆಪ್ಪಗೆ ಬಗ್ಗಿ ಕೂತರು.

ಆಪರೇಷನ್ ಕೋಣೆಯೊಳಗೆ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಯಾವಾಗ ಚುಚ್ತೀರಿ?”

“ಸೂಜಿ ಒಂದೇ ಸಲಕ್ಕ ಹೋಗ್ಯಾದರಿ.”

ಇಪ್ಪತ್ತು ನಿಮಿಷವಾಯಿತು. “ಕಾಲ ಎತ್ರಿ.” ನಜಮೋದ್ದೀನ ಬಲವೆಲ್ಲ ಹಾಕಿದರು.

“ಬರವಲ್ದುರಿ!” ಆ ಕೂಗು ಹೊರಗಿದ್ದ ಕುಲಸುಮಬೀಗೂ ಕೇಳಿತು.

“ಏನ ಬರವಲ್ದಂತ, ಸಿಸ್ಟರ್?”

ಬಾಗಿಲು ಮುಚ್ಚುತ್ತಿದ್ದ ನರ್ಸಮ್ಮ ಅಂದಳು: “ನೋವು. ಇನ್ನ ಆಪರೇಷನ್ ಶುರು ಮಾಡ್ತಾರ, ಕೂಡ್ರಿ.”